ಒತ್ತಕ್ಷರಕ್ಕೆ ಜಾಗ ಬಿಟ್ಟ ಅಂಗಡಿ

ಮ್ಯಾನ್‌ಹೈಮ್
8 ಜೂನ್ 2025, ಭಾನುವಾರ

ಪ್ರೀತಿಯ ಮಗಳು ಫಲಕ್‌ಗೆ ಅಬ್ಬಾನ ಸಲಾಮ್ ಮತ್ತು ದುವಾ.

ನಿನ್ನ ಕೆಮ್ಮು ಪೂರ್ತಿ ಹೋಯಿತೇ? ಗ್ಲಾಸ್ಗೋದಲ್ಲಿ ಜೂನ್ ತಿಂಗಳಲ್ಲೂ ಹನ್ನೆರಡು ಡಿಗ್ರಿ ಎಂದು ಹವಾಮಾನ ವರದಿಯಲ್ಲಿ ನೋಡಿದೆ. ಆಸ್ಪತ್ರೆಯ ಪಾಳಿ ಮುಗಿಸಿ ಬರುವಾಗ ಕಿವಿ ಮುಚ್ಚಿಕೊಂಡು ಬಾ. ಇಲ್ಲಿ ನಾವಿಬ್ಬರೂ ಆರೋಗ್ಯ. ನಿನ್ನ ಅಮ್ಮಿಯ ಮೊಣಕಾಲು ನೋವು ಕಡಿಮೆಯಾಗಿದೆ. ಆದರೆ ಮೆಟ್ಟಿಲು ಹತ್ತುವಾಗ ನಾನು ಹಿಂದೆಯೇ ಬರಬೇಕು, ಮುಂದೆ ಹೋದರೆ ಅವಳಿಗೆ ಸಿಟ್ಟು. ಮೊನ್ನೆ ಬಕ್ರೀದ್‌ಗೆ ಅಭ್ಯಾಸಬಲದಿಂದ ಮೂವರಿಗಾಗುವಷ್ಟು ಬಿರಿಯಾನಿ ಮಾಡಿದಳು; ಇವತ್ತು ಮಧ್ಯಾಹ್ನದವರೆಗೂ ಅದೇ ಊಟ. ಫೋನಿನಲ್ಲಿ ಏನು ಕೇಳಿದರೂ ನೀನು "ಆಲೆಸ್ ಗೂಟ್, ಎಲ್ಲ ಚೆನ್ನಾಗಿದೆ ಅಬ್ಬಾ" ಎಂದು ಮುಗಿಸಿಬಿಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಿಧಾನವಾಗಿ ಓದು, ಒಂದೇ ದಿನದಲ್ಲಿ ಮುಗಿಸಬೇಕೆಂದಿಲ್ಲ.

ಸುದ್ದಿ ಏನೆಂದರೆ, ಫ್ರಾವ್ ಹೆರ್ಟೆಲ್ ಅವರ ಸ್ಟೇಷನರಿ ಅಂಗಡಿ ಇದೇ 28ರ ಶನಿವಾರ ಮುಚ್ಚುತ್ತಿದೆ. ಕಟ್ಟಡ ಕಳೆದ ವರ್ಷ ಮಾರಾಟವಾಯಿತು, ಹೊಸ ಮಾಲೀಕರು ಬಾಡಿಗೆ ದುಪ್ಪಟ್ಟು ಮಾಡಿದರು. ಆ ಜಾಗಕ್ಕೆ ಊರೂರಲ್ಲೂ ಒಂದೇ ಬಣ್ಣದ ಬೋರ್ಡು ಹಾಕುವ ಒಂದು ಕಾಫಿ ಕಂಪನಿ ಬರುತ್ತಿದೆ. ನೆಕಾರ್‌ಸ್ಟಾಟ್‌ನ ಆ ಬೀದಿ ಈಗ ನಿನಗೆ ಗುರುತು ಸಿಗುವುದಿಲ್ಲ. ಚಪ್ಪಲಿ ಹೊಲಿಯುತ್ತಿದ್ದವರ ಅಂಗಡಿ ಕನ್ನಡಕದ ಮಳಿಗೆಯಾಗಿದೆ. ತುರ್ಕಿಯವರ ಚಹಾ ಅಂಗಡಿ ಜಿಮ್ ಆಗಿದೆ. ಅಂಗಡಿ ಹೋಯಿತೆಂದರೆ ಅದರ ಹಿಂದಿನ ಕೋಣೆಯೂ ಹೋಯಿತು, ಹದಿನೇಳು ವರ್ಷದಿಂದ ಪ್ರತಿ ಶನಿವಾರ ನಡೆದ ನಮ್ಮ ಕನ್ನಡ ತರಗತಿಗೆ ಜಾಗವಿಲ್ಲ. ಈಗ ಎಂಟು ಮಕ್ಕಳಿದ್ದಾರೆ.

ನಿನಗೆ ನೆನಪಿರಲಿಕ್ಕಿಲ್ಲ, ನೀನಾಗ ಒಂಬತ್ತು ವರ್ಷದವಳು. ಇಲ್ಲಿನ ಶಾಲೆಯ ನೋಟ್‌ಬುಕ್ಕಿನ ಗೆರೆಗಳ ನಡುವೆ ನೀನು 'ಅಬ್ಬಾ' ಎಂದು ಬರೆದೆ. ಒತ್ತು ಕೆಳಗಿನ ಸಾಲಿಗೆ ಇಳಿದು ಇನ್ನೊಂದು ಅಕ್ಷರದ ತಲೆಯ ಮೇಲೆ ಕೂತಿತು. ಅಳುತ್ತಾ ರಬ್ಬರಿನಿಂದ ಉಜ್ಜಿ ಹಾಳೆ ಹರಿದೆ. ಅಂಗಡಿಯಮ್ಮ ಫ್ರಾವ್ ಹೆರ್ಟೆಲ್ ಕನ್ನಡಕ ಏರಿಸಿ ನೋಡಿ, "ನಿಮ್ಮ ಅಕ್ಷರಗಳಿಗೆ ಪುಟ್ಟ ಪಾದಗಳಿವೆ, ಚಾಚಲು ಜಾಗ ಬೇಕು" ಎಂದರು. ಮುಂದಿನ ವಾರ ಅಗಲ ಗೆರೆಯ ಪುಸ್ತಕಗಳನ್ನು ಎಲ್ಲಿಂದಲೋ ತರಿಸಿಟ್ಟಿದ್ದರು. ಅಂದಿನಿಂದ ನಮ್ಮ ತರಗತಿಯಲ್ಲಿ ಒತ್ತಕ್ಷರದ ಹೆಸರೇ 'ಫ್ಯೂಸ್‌ಖೆನ್', ಅಂದರೆ ಪುಟ್ಟ ಪಾದ. ಮೊನ್ನೆ ಕೂಡ ಅಲೀಜಾ ನನ್ನನ್ನು ಕೇಳಿದಳು: "ಅಂಕಲ್, 'ರಾಷ್ಟ್ರ'ಕ್ಕೆ ಎರಡು ಫ್ಯೂಸ್‌ಖೆನ್ ಯಾಕೆ?" "ದೊಡ್ಡದಲ್ವಾ, ಒಂದು ಕಾಲಲ್ಲಿ ನಿಲ್ಲಲ್ಲ" ಎಂದು ಪಕ್ಕದಲ್ಲಿದ್ದ ಋಷಿಯೇ ಹೇಳಿದ.

ಜಾಗಕ್ಕಾಗಿ ನಾನು ಸುಮ್ಮನೆ ಕೂತಿಲ್ಲ. ನಗರಸಭೆಯ ಸಭಾಂಗಣಕ್ಕೆ ಹದಿನಾಲ್ಕು ತಿಂಗಳ ಸರದಿ ಇದೆ. ಗ್ರಂಥಾಲಯದವರು ವಾರದ ದಿನಗಳಲ್ಲಿ ಮಾತ್ರ ಕೊಡುತ್ತಾರೆ. ಶಾಲೆಯವರು ನೋಂದಾಯಿತ ಸಂಘವೇ ಆಗಬೇಕು ಎಂದರು. ಕೊನೆಗೆ, ಹೊಸದಾಗಿ ಬರುವ ಕಾಫಿ ಕಂಪನಿಯದೇ ಇನ್ನೊಂದು ಮಳಿಗೆಯಲ್ಲಿ ದೊಡ್ಡ ಮೇಜಿದೆ ಎಂದು ಕಳೆದ ಶನಿವಾರ ಎಲ್ಲರನ್ನೂ ಅಲ್ಲಿಗೆ ಕರೆದುಕೊಂಡು ಹೋದೆ. ಋಷಿಯ ಅಮ್ಮ ಡಾಕ್ಟರ್ ಶಾಮಲಾ ಅವರ ತಾಯಿ ಜಲಜಮ್ಮ ಹಾಸನದಿಂದ ಮೂರು ತಿಂಗಳಿಗೆಂದು ಬಂದಿದ್ದಾರೆ, ಅವರೂ ಜೊತೆಗಿದ್ದರು. ಕೂತವರೆಲ್ಲ ಏನಾದರೂ ಕೊಳ್ಳಬೇಕು ಎಂದು ಕೌಂಟರಿನ ಹುಡುಗಿ ಹೇಳಿದ್ದನ್ನು ನಾನು ತಿಳಿಸಿದಾಗ ಅವರು, "ಏನ್ ಮೇಷ್ಟ್ರೇ, ಕಾಫಿ ಕುಡೀದೋರಿಗೆ ಕನ್ನಡ ಇಲ್ವಾ?" ಎಂದು ಜೋರಾಗಿಯೇ ಕೇಳಿದರು. ಮಕ್ಕಳು ಕಾಗುಣಿತ ಶುರುಮಾಡಿ 'ಖಾ'ವರೆಗೆ ಬರುವಷ್ಟರಲ್ಲಿ ಅದೇ ಹುಡುಗಿ ಬಂದು ಸ್ವಲ್ಪ ಮೆಲ್ಲಗೆ ಎಂದು ವಿನಂತಿಸಿದಳು. ಅವಳ ತಪ್ಪಿಲ್ಲ, ಬಹಳ ನಯವಾಗಿಯೇ ಹೇಳಿದಳು. ಉಳಿದದ್ದನ್ನು ಎಂಟು ಮಕ್ಕಳು ಪಿಸುಗುಟ್ಟುತ್ತಾ ಓದಿದರು. ಪಿಸುಮಾತಿನಲ್ಲಿ 'ಖ'ಕ್ಕೂ 'ಕ'ಕ್ಕೂ ವ್ಯತ್ಯಾಸವೇ ಕೇಳಿಸುವುದಿಲ್ಲ, ಮಗಳೇ. ಅರ್ಧ ಗಂಟೆಗೆ ಎದ್ದು ಬಂದೆವು.

ಫ್ರಾವ್ ಹೆರ್ಟೆಲ್‌ಗೆ ಈಗ ಎಪ್ಪತ್ತೊಂದು. ಪ್ರತಿ ವಾರ ನಿನ್ನನ್ನು ಕೇಳುತ್ತಾರೆ, ಯಾವಾಗ ಬರುತ್ತಾಳೆ ಎಂದು. ಮೊದಲ ವರ್ಷ 'ಕ್ರಿಸ್ಮಸ್‌ಗೆ' ಎನ್ನುತ್ತಿದ್ದೆ. ನೀನು ಹೋಗಿ ಮೂರು ವರ್ಷವಾಯಿತಲ್ಲ, ಈಗ 'ಕೆಲಸ ಬಹಳ' ಎನ್ನುತ್ತೇನೆ.

ನಿನಗೆ ಆಯಸ್ಸು, ಆರೋಗ್ಯ, ಒಳ್ಳೆಯ ನೆರೆಹೊರೆ ಇರಲಿ. ಅಮ್ಮಿ ದುವಾ ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ.

ನಿನ್ನ ಅಬ್ಬಾ,
ಖುರ್ಷೀದ್

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆದೇಬಿಡುತ್ತೇನೆ. ತರಗತಿಗೆ ನಿನ್ನ ಕೋಣೆ ಆಗುತ್ತದೆ ಎನ್ನುತ್ತಾಳೆ ಅಮ್ಮಿ. ಮಂಚ, ಬಟ್ಟೆಯ ಕಪಾಟು ತೆಗೆದರೆ ಎಂಟು ಮಕ್ಕಳು ಕೂರಬಹುದು, ಟೇಪು ಹಿಡಿದು ಅಳೆದಿದ್ದೇನೆ. ನಿನ್ನನ್ನು ಕೇಳದೆ ಏನನ್ನೂ ಸರಿಸುವುದಿಲ್ಲ. 28ರೊಳಗೆ ಉತ್ತರ ಬರೆ. ಆಗಲಿ ಎಂದರೆ ತರಗತಿ ಉಳಿಯುತ್ತದೆ, ನನಗೆ ಸಮಾಧಾನ. ಇಲ್ಲ ಅಬ್ಬಾ, ಆ ಕೋಣೆ ನನಗೇ ಬೇಕು ಎಂದು ಬರೆದೆಯಾದರೆ, ಎಂಟೂ ಮನೆಗೆ ನಾನೇ ಫೋನ್ ಮಾಡಿ ಇನ್ನು ತರಗತಿ ಇಲ್ಲ ಎಂದು ಹೇಳುತ್ತೇನೆ. ಬಹಳ ಖುಷಿಯಿಂದ ಹೇಳುತ್ತೇನೆ.