ತುತ್ತೂರಿ ಮೊಳಗಿದ ಭಾನುವಾರ

ಸಲಾಮಾ, ಗ್ವಾಟೆಮಾಲಾ
ಮಾರ್ಚ್ ೧೪, ೨೦೧೯

ಮಗಳೇ ನೊಹೆಮಿ,

ನಿನ್ನ ಪಕ್ಕದ ಮನೆಯ ಮಿರ್ತಲಾ ಬಂದು ನಿನ್ನ ಮಾತು ಮುಟ್ಟಿಸಿದಳು. "ಅಮ್ಮ ಬಂದು ಮಗೂನ ಎತ್ಕೊಂಡು ಅತ್ರಂತಲ್ಲ, ಸಿಟ್ಟೆಲ್ಲ ಇನ್ನು ಸಾಕು, ಶನಿವಾರ ಊಟಕ್ಕೆ ಬರ್ಲಿ" ಅಂದೆಯಂತೆ. ಕೇಳಿ ಸಂತೋಷವಾಗಬೇಕಿತ್ತು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಾನು ಬಂದದ್ದು ನೀನು ತಿಳಿದ ಕಾರಣಕ್ಕಲ್ಲ. ಅದನ್ನು ಮುಚ್ಚಿಟ್ಟುಕೊಂಡು ಬಂದರೆ ನೀನು ಬಡಿಸಿದ್ದು ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಇದನ್ನು ಓದಿದ ಮೇಲೂ ಕರೆದರೆ ಬರುತ್ತೇನೆ.

ಭಾನುವಾರ ಮಧ್ಯಾಹ್ನ ಸಭೆಯಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ನಾನು ಹಿಂದಿನ ಅಡುಗೆಮನೆಯಲ್ಲಿ ಎಲ್ಲರಿಗೂ ಜೋಳದ ಗಂಜಿ ಕಾಯಿಸುತ್ತಿದ್ದೆ. ಇದ್ದಕ್ಕಿದ್ದಂತೆ ತುತ್ತೂರಿಯಂಥದೇ ಒಂದು ಕೂಗು, ನಿಲ್ಲದೆ ಮೊಳಗಿತು. ಸೌಟು ಹಿಡಿದುಕೊಂಡೇ ಒಳಗೆ ಓಡಿದೆ. ಒಬ್ಬರೂ ಇಲ್ಲ. ಬೈಬಲ್ಲುಗಳು ಕುರ್ಚಿಗಳ ಮೇಲೆ ತೆರೆದಂತೆಯೇ ಇದ್ದವು, ಬಾಗಿಲಲ್ಲಿ ಯಾರದೋ ಒಂಟಿ ಚಪ್ಪಲಿ, ಪೀಠದ ಮೇಲೆ ಪಾಸ್ಟರ್ ಎಲಿಯೂದ್ ಅವರ ಕನ್ನಡಕ. ಬೀದಿಯಲ್ಲೂ ನರಪಿಳ್ಳೆಯಿಲ್ಲ.

ನಿನಗೆ ಗೊತ್ತಲ್ಲ, ಇಷ್ಟು ವರ್ಷ ಭಾನುವಾರದ ತರಗತಿಯಲ್ಲಿ ಇದನ್ನೇ ಹೇಳಿಕೊಟ್ಟವಳು ನಾನು. ತುತ್ತೂರಿ ಮೊಳಗುತ್ತದೆ, ಕರ್ತನು ತನ್ನವರನ್ನು ಮೇಲಕ್ಕೆ ಒಯ್ಯುತ್ತಾನೆ, ಉಳಿದವರು ಭೂಮಿಯ ಮೇಲೆ ಸೈತಾನನ ಮೃಗದ ಆಳ್ವಿಕೆಯಲ್ಲಿ ನರಳುತ್ತಾರೆ. ಎಂಥವರು ಉಳಿಯುತ್ತಾರೆ ಎಂದು ಬಟ್ಟೆಯ ಮೇಲಿನ ಚಿತ್ರಕ್ಕೆ ಕೋಲಿಟ್ಟು ತೋರಿಸುತ್ತಿದ್ದೆ. ಅವರಲ್ಲಿ ನಾನು ಎಂದೂ ಇರಲಿಲ್ಲ. ಮದುವೆಯಾಗದೆ ಎಲ್ದೆರ್ ಜೊತೆ ಹೊರಟ ದಿನದಿಂದ ನೀನಿದ್ದೆ.

ಈಗ ಉಳಿದವಳು ನಾನಾಗಿದ್ದೆ. ಖಚಿತಪಡಿಸಿಕೊಳ್ಳಲು ಒಂದೇ ದಾರಿ ಹೊಳೆಯಿತು. ಹಾಲು ಕುಡಿಯುವ ಕೂಸುಗಳಲ್ಲಿ ಒಂದನ್ನೂ ಆತನು ಬಿಡುವುದಿಲ್ಲ, ಇದೂ ನಾನೇ ಕಲಿಸಿದ್ದು. ಹತ್ತಿರದಲ್ಲಿದ್ದ ಕೂಸು ನಿನ್ನದು. ಹುಟ್ಟಿದಾಗ ನೋಡಲು ಬರದವಳು, ನೀನು ಸಂತೆಗೆ ಹೋಗಿದ್ದಾಗ ಎದ್ದುಬಿದ್ದು ಓಡಿ ಬಂದೆ. ಮೊಮ್ಮಗನ ಮುಖ ನೋಡಲಿಕ್ಕಲ್ಲ ಮಗಳೇ, ತೂಗುಮಂಚ ಖಾಲಿಯಿದೆಯೇ ಎಂದು ನೋಡಲಿಕ್ಕೆ.

ಅವನಿದ್ದ. ಬೆವೆತು ಮಲಗಿದ್ದ. ಎತ್ತಿಕೊಂಡು ಅತ್ತದ್ದು ನಿಜ, ಆದರೆ ಕರ್ತನು ಇನ್ನೂ ಬಂದಿಲ್ಲ, ಬದುಕಿಕೊಂಡೆನಲ್ಲ ಎಂದು ನನಗಾಗಿ ಅತ್ತೆ. ಹಿತ್ತಲಲ್ಲಿ ಬಟ್ಟೆ ಒಗೆಯುತ್ತ ಅವನ ಮೇಲೆ ಕಣ್ಣಿಟ್ಟಿದ್ದ ಮಿರ್ತಲಾ ಕಂಡದ್ದು ಅದನ್ನೇ. "ಊರೋರೆಲ್ಲ ಎಲ್ಲೋದ್ರೇ?" ಎಂದು ಕೇಳಿದೆ. "ತಿರುವಲ್ಲಿ ಟೊಮೆಟೊ ಲಾರಿ ಮಗುಚ್ಕೊಂಡಿದೆ ದೋನ್ಯಾ ಒಬ್ದುಲಿಯಾ, ಹಾರನ್ ಸಿಕ್ಕಾಕ್ಕೊಂಡು ಬಡ್ಕೊಳ್ತಿದೆ, ಕೇಳಿಸ್ಲಿಲ್ವಾ? ಡ್ರೈವರ್‌ಗೇನೂ ಆಗಿಲ್ಲ. ನಿಮ್ಮ ಸಭೆಯೋರೆಲ್ಲ ಅಲ್ಲೇ ಆಯ್ಕೊಳ್ತಿದಾರೆ" ಅಂದಳು. ನಾನು ಸಭೆಗೆ ವಾಪಸಾದ ಮೇಲೆ ಪಾಸ್ಟರ್ ಕೋಟಿನ ತುಂಬ ಟೊಮೆಟೊ ಕಟ್ಟಿಕೊಂಡು ಬಂದು, "ಏನ್ ಸಿಸ್ಟರ್, ಗಂಜಿ ಸೀದೋಗಿದೆ, ಎಲ್ಲಿದ್ರಿ?" ಅಂದರು. ಹೊಟ್ಟೆನೋವು ಎಂದು ಸುಳ್ಳು ಹೇಳಿದೆ.

ಪ್ರವಾದನೆಯನ್ನು ಈಗಲೂ ನಂಬುತ್ತೇನೆ. ಕರ್ತನು ಬಂದೇ ಬರುತ್ತಾನೆ. ಆದರೆ ಯಾರನ್ನು ಒಯ್ಯುತ್ತಾನೆ, ಯಾರನ್ನು ಬಿಡುತ್ತಾನೆ ಎಂದು ಹೇಳುವ ಬಾಯಿ ನನಗೆ ಉಳಿದಿಲ್ಲ. ತರಗತಿಯನ್ನು ಬೇರೆಯವರಿಗೆ ಕೊಡಿ ಎಂದಿದ್ದೇನೆ.

ನಿನಗೆ ಮುಖ ತೋರಿಸಲಾಗದ ಅಮ್ಮ,
ಒಬ್ದುಲಿಯಾ

ತಾ.ಕ.: ಇಲ್ಲಿಗೇ ಮಡಚಿಡೋಣ ಎಂದುಕೊಂಡೆ, ಆಗಲಿಲ್ಲ. ಮೇಲೆ ಬರೆದದ್ದರಲ್ಲೂ ಒಂದು ಸುಳ್ಳಿದೆ. ಕೂಸನ್ನು ಕಂಡಾಗ ನನಗೆ ಸಮಾಧಾನವೇ ಆಗಲಿಲ್ಲ. ಮದುವೆಯಿಲ್ಲದೆ ಹುಟ್ಟಿದ್ದಲ್ಲವೇ, ಅದಕ್ಕೇ ಕರ್ತನು ಇದನ್ನೂ ಬಿಟ್ಟುಹೋಗಿದ್ದಾನೆ ಎಂದುಕೊಂಡೆ. ನಿದ್ದೆಯಲ್ಲಿದ್ದ ಕೂಸಿನ ಬಗ್ಗೆ ನಿನ್ನ ತಾಯಿ ಹಾಗೆ ಎಣಿಸಿದಳು, ನೊಹೆಮಿ. ಎತ್ತಿಕೊಂಡದ್ದು ಆಮೇಲೆ. ಸದ್ಯ, ನನ್ನನ್ನೂ ಒಯ್ಯಲಿಲ್ಲ, ಇಲ್ಲದಿದ್ದರೆ ನಿನ್ನ ಜೊತೆ ನಿಂತು ಇವನನ್ನು ಯಾರು ನೋಡಿಕೊಳ್ಳುತ್ತಿದ್ದರು ಎಂದು ಅತ್ತೆ.