ಅಪ್ಪನ ಚಾರ್ಟಿನಲ್ಲೊಂದು ತಪ್ಪು

ಮಗಳೇ ಮಾನ್ಯ,

ಫೋನಿನಲ್ಲಿ ಹೇಳಲು ಹೊರಟರೆ ಬೇರೇನೋ ಮಾತಾಡಿ ಇಟ್ಟುಬಿಡುತ್ತೇನೆ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಭಾನುವಾರ ಬಸವನಗುಡಿಯಲ್ಲಿ ನಿನ್ನ ಉಪನ್ಯಾಸಕ್ಕೆ ನಾನೂ ಬಂದಿದ್ದೆ, ಕೊನೆಯ ಸಾಲಿನಲ್ಲಿ, ಕಂಬದ ಮರೆಯಲ್ಲಿ. ಕರೆಯದೆ ಬಂದವನು ಮುಂದೆ ಕೂರಬಾರದಲ್ಲ!

ನೀನು ದೂರದ ಒಂದು ಗ್ರಹದ ಕತೆ ಹೇಳಿದೆ. ಗುರುಗ್ರಹದ ಅರ್ಧದಷ್ಟೇ ತೂಕ, ಅಗಲ ಮಾತ್ರ ಒಂದೂವರೆ ಪಟ್ಟು. ತನ್ನ ಸೂರ್ಯನಿಗೆ ತೀರಾ ಹತ್ತಿರವಿದ್ದು ಕಾದಿರುವುದರಿಂದ ಅದರ ಅನಿಲ ಹಿಗ್ಗಿದೆ. ಒಳಕ್ಕೆ ಎಳೆದು ಹಿಡಿಯಲು ಗುರುತ್ವ ಸಾಲದು. ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು, "ಹಂಗಾದ್ರೆ ತೂಕ ಜಾಸ್ತಿ ಆದ್ರೆ ಗ್ರಹ ದೊಡ್ಡದಾಗಲ್ವೇನಮ್ಮಾ?" ಎಂದರು. ನೀನು ನಕ್ಕು, "ಯಾವಾಗ್ಲೂ ಇಲ್ಲ ಸಾರ್. ಗುರುವಿಗೆ ಇನ್ನಷ್ಟು ತೂಕ ಸೇರಿಸಿದ್ರೂ ಹೆಚ್ಚುಕಮ್ಮಿ ಅಷ್ಟೇ ಇರತ್ತೆ. ಗುರುತ್ವ ಒತ್ತಿಬಿಡತ್ತೆ" ಎಂದೆ. ನನ್ನ ಕಿವಿ ಬಿಸಿಯಾಯಿತು.

ಯಾಕೆಂದು ನಿನಗೆ ಗೊತ್ತು. ಅವೆನ್ಯೂ ರಸ್ತೆಯ ನಮ್ಮ ಅಂಗಡಿಯಲ್ಲಿ ಶಾಲೆಗಳಿಗೆಂದು ಅಚ್ಚು ಹಾಕಿಸಿ ಮಾರುವ ಸೌರವ್ಯೂಹದ ಚಾರ್ಟಿನಲ್ಲಿ "ತೂಕ ಹೆಚ್ಚಿದಷ್ಟೂ ಗ್ರಹ ದೊಡ್ಡದು" ಎಂದು ಬರೆಸಿದವನು ನಾನೇ. ಭಾರದ ಮೂಟೆಯೇ ದೊಡ್ಡ ಮೂಟೆ ಎನ್ನುವ ಪೇಟೆಯ ಬುದ್ಧಿ. ಹದಿಮೂರು ವರ್ಷದ ನೀನು, ಕೊಳ್ಳಲು ಬಂದ ಮೇಷ್ಟರ ಎದುರೇ, "ನೆಪ್ಚೂನ್ ಯುರೇನಸ್‌ಗಿಂತ ಭಾರ ಅಪ್ಪಾಜಿ, ಆದ್ರೂ ಚಿಕ್ಕದು" ಎಂದೆ. ನಾನು ಗದರಿ, ಅವರಿಗೆ "ತಪ್ಪಾಯ್ತು" ಎಂದು ನಿನ್ನಿಂದ ಹೇಳಿಸಿದೆ. ಅಂದಿನಿಂದ ನೀನು ಅಂಗಡಿಯ ಮೆಟ್ಟಿಲು ಹತ್ತಿಲ್ಲ. ಮಾರನೆಯ ದಿನವೇ ಪುಸ್ತಕ ತೆಗೆದು ನೋಡಿದ್ದೆ ಕಣೇ, ನೀನು ಹೇಳಿದ್ದೇ ಸರಿ. ಒಪ್ಪಿಕೊಳ್ಳಲು ನನ್ನ ಜಂಬ ಬಿಡಲಿಲ್ಲ. ಹದಿನಾರು ವರ್ಷ ಅದೇ ಚಾರ್ಟ್ ಮಾರಿದೆ.

ಭಾನುವಾರ ಜನ ಚಪ್ಪಾಳೆ ತಟ್ಟಿದಾಗ ಪಕ್ಕದವರಿಗೆ "ನನ್ನ ಮಗಳು" ಎಂದೆ. ಅವರೇನೂ ಕೇಳಿರಲಿಲ್ಲ. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಇನ್ನಿಬ್ಬರಿಗೆ ಹೇಳಿದೆ. ಎದೆ ತುಂಬಿತ್ತು ಮಾನ್ಯ, ಎಷ್ಟು ಜನಕ್ಕೆ ಹೇಳಿದರೂ ಸಾಕಾಗಲಿಲ್ಲ.

ಹಳೆಯ ಚಾರ್ಟುಗಳನ್ನೆಲ್ಲ ನಿನ್ನೆ ರದ್ದಿಗೆ ಹಾಕಿದೆ. ಹೊಸದರ ಪ್ರೂಫ್ ಬಂದಿದೆ. ಪ್ರೂಫಿನ ಮೂಲೆಯಲ್ಲಿ ಯಜಮಾನರ ಕೆಂಪು ರುಜು ಬೀಳದೆ ನಮ್ಮಲ್ಲಿ ಯಾವುದೂ ಅಚ್ಚಿಗೆ ಹೋಗುವುದಿಲ್ಲ. ಮೊದಲು ನಿನ್ನ ತಾತನದು, ಆಮೇಲೆ ನನ್ನದು. ಈ ಸಲ ಆ ಜಾಗ ಖಾಲಿ ಬಿಟ್ಟಿದ್ದೇನೆ. ನೀನೇ ಬಂದು, ತಿದ್ದಿ, ರುಜು ಹಾಕಬೇಕು. ಅಂದು ನಿನ್ನ ಬಾಯಲ್ಲಿ ಹೇಳಿಸಿದ ಮಾತನ್ನು ಈಗ ನಾನು ಹೇಳಬೇಕಾಗಿದೆ. ಅಂಗಡಿ ತುಂಬ ಜನ ಇರುವ ಹೊತ್ತು ನೋಡಿಕೊಂಡು ಬಾ.

ಶಿವ ನಿನ್ನನ್ನು ಸದಾ ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪಾಜಿ,
ವಿಶ್ವಾರಾಧ್ಯ