ಹಾರದ ಮಿಡತೆಗಳು

22-10-1989, ರವಿವಾರ

ಆ ಮಿಡತೆಗಳು ಯಾಕೆ ಹಾರಲಿಲ್ಲ ಎಂದು ನಾನು ಆಗಲೇ ಕೇಳಿಕೊಳ್ಳಬೇಕಿತ್ತು.

ಗೊರೇಬಾಳದ ಕಾಲುವೆ ದಂಡೆಯ ತುಂಬ ಗಾಳ ಹಾಕುವವರೇ. ಮೀನುಗಳು ಜಾಣವಾಗಿವೆ, ಎರೆಹುಳವನ್ನು ಮೂಸಿಯೂ ನೋಡುವುದಿಲ್ಲ, ಹಿಟ್ಟಿನುಂಡೆಯನ್ನೂ ಮುಟ್ಟುವುದಿಲ್ಲ. ಅದಕ್ಕೇ ಇವತ್ತು ಪಕ್ಕದ ಭತ್ತದ ಗದ್ದೆಗಿಳಿದು ಮಿಡತೆ ಹಿಡಿದೆ. ಬೇರೆ ದಿನ ಒಂದಕ್ಕಾಗಿ ಗದ್ದೆಯೆಲ್ಲ ಕುಣಿಸುತ್ತವೆ. ಇವತ್ತು ಹೂ ಬಿಡಿಸಿದಂತೆ ಕೈಗೆ ಬಂದವು. ಗಾಳ ಬಿಟ್ಟ ಕೂಡಲೇ ದೊಡ್ಡ ಮೀನೊಂದು ನುಂಗಿತು. ಅದನ್ನು ಬಸುರಿ ತಂಗಿ ಗ್ಯಾನಮ್ಮನಿಗೆ ಕೊಟ್ಟು ಬಂದೆ.

ಸಂಜೆ ಆ ಗದ್ದೆಯ ಹೊನ್ನೂರಪ್ಪ ಸಿಕ್ಕ. "ಅಲ್ಲಿ ಯಾಕ ಇಳಿದಿದ್ದೆಲೇ? ನಿನ್ನಿ ಎಣ್ಣಿ ಹೊಡ್ದೀನಿ. ಹುಳಾ ಎಲ್ಲಾ ಸಾಯಾಕತ್ಯಾವು," ಎಂದ. ಆ ಔಷಧದ ನಾತ ನನ್ನ ಬೆರಳಲ್ಲೇ ಇತ್ತು.

ತಂಗಿಯ ಮನೆಗೆ ಓಡಿದೆ. ಗಂಗಾಳ ತೊಳೆಯುತ್ತಿದ್ದಳು. "ಸಾರು ಭಾಳ ರುಚಿ ಆಗಿತ್ತಣ್ಣ. ಹಿಂಗ್ಯಾಕ ಬೆವರಾಕತ್ತಿ?" ಎಂದಳು. ಓಡಿ ಬಂದದ್ದಕ್ಕೆ ಎಂದು ಹೇಳಿ ಮನೆಗೆ ಮರಳಿದೆ.

ಮಿಕ್ಕ ಮಿಡತೆಗಳು ಡಬ್ಬಿಯಲ್ಲಿ, ದೀಪದ ಪಕ್ಕದಲ್ಲಿವೆ. ಅವು ತಗಡು ಕೆರೆಯುವ ಸದ್ದು ಕೇಳುವವರೆಗೆ ನನಗೆ ಧೈರ್ಯ. ಅವಕ್ಕೇ ಏನೂ ಆಗದಿದ್ದರೆ ಅವಳಿಗೇನಾದೀತು? ಒಂದೊಂದು ಸಾಲು ಬರೆದು, ನಿಲ್ಲಿಸಿ, ಕಿವಿಗೊಡುತ್ತಿದ್ದೇನೆ.

ಈ ಸಾಲಿಗೆ ಕೇಳಿಸಲಿಲ್ಲ.